ಗೋಡೆಯಾಚೆಯ ಒಗ್ಗರಣೆ

ಒಗ್ಗರಣೆ ಇಲ್ಲದ ಬ್ಯಾಳಿಗೂ ಒಂದು ವಾಸನೆ ಇರುತ್ತದೆ. ಬೆಂದ ತೊಗರಿ, ಚಿಟಿಕೆ ಅರಿಸಿನ, ಉಪ್ಪು, ಅಷ್ಟೇ. ಹಸಿದವರನ್ನೂ ಹತ್ತಿರಕ್ಕೆ ಕರೆಯದ, ಹಾಗೆಂದು ದೂರವೂ ತಳ್ಳದ ಒಂದು ಸಪ್ಪೆ ವಾಸನೆ. ಕಲ್ಯಾಣಿಗೆ ಅರವತ್ತೈದು ದಾಟಿದರೂ ಬಾಲ್ಯ ಎಂದೊಡನೆ ಮೊದಲು ಮೂಗಿಗೆ ಬರುವುದು ಅದೇ.

ಜಾಲಹಳ್ಳಿಯಲ್ಲಿ ಅವರದು ಒಂದೇ ಖೋಲಿಯ ಮನೆ. ಪಕ್ಕದ ದಸ್ತಗೀರ್ ಸಾಬರ ಮನೆಗೂ ಅವರ ಮನೆಗೂ ಹಿತ್ತಿಲಲ್ಲಿ ಎದೆಯೆತ್ತರದ ಮಣ್ಣಿನ ಗೋಡೆಯೊಂದೇ ಅಡ್ಡ. ತಮ್ಮ ಅಮರೇಶನಿಗೆ ದಡಾರ ಎದ್ದಾಗ ಅವ್ವ ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿದಳು. ಕೂಸು ಗುಣವಾಗಿ ಮೈಗೆ ನೀರು ಹಾಕುವವರೆಗೆ ಮನೆಯಲ್ಲಿ ಎಣ್ಣೆ ಕಾಯಿಸಬಾರದು, ಸಾಸಿವೆ ಸಿಡಿಸಬಾರದು, ಮೈಮೇಲೆ ಬಂದ ದೇವಿ ಮುನಿಯುತ್ತಾಳೆ ಎಂಬುದು ಊರಿನ ನಂಬಿಕೆ. ಹೀಗಾಗಿ ಇವರ ಒಲೆಯ ಮೇಲೆ ಸಪ್ಪೆ ಬ್ಯಾಳಿ. ಆದರೆ ಆಚೆ ಮನೆಗೆ ಯಾವ ಕಟ್ಟೂ ಇರಲಿಲ್ಲ. ದಿನಾ ಸಂಜೆ ಅಲ್ಲಿಂದ ಬಳ್ಳೊಳ್ಳಿ ಒಗ್ಗರಣೆಯ ಘಮ ಗೋಡೆ ಹತ್ತಿ ಇಳಿದು ಬರುತ್ತಿತ್ತು. ಆ ದಿನಗಳಲ್ಲಿ ಅದೂ ಬರಲಿಲ್ಲ. ಹುಡುಗಿ ಕಲ್ಯಾಣಿ ಗೋಡೆಗೆ ತುದಿಗಾಲಲ್ಲಿ ನಿಂತು ಕೇಳಿದ್ದಳು: “ಖಾಲಾ, ನಿಮ್ಮನ್ಯಾಗೂ ದೇವಿ ಬಂದಾಳೇನು?”

ದಸ್ತಗೀರ್ ಸಾಬರ ಹೆಂಡತಿ ಜೈನಾಬ್ ಖಾಲಾ ಒಲೆಯ ಮುಂದಿನಿಂದಲೇ ನಕ್ಕಿದ್ದಳು. “ಇಲ್ಲ ಬೇಟಿ. ಕೂಸು ಅಲ್ಲಿ ಬಾಯಿ ಕೆಟ್ಟು ಮಲಗ್ಯಾದ. ಇಲ್ಲಿ ಘಮ್ ಅಂದ್ರ ಅದಕ್ಕ ಆಸಿ ಆಗಂಗಿಲ್ಲೇನು? ನಾಕು ದಿನ ಸಪ್ಪಗ ಉಂಡ್ರ ನಾವೇನು ಸಾಯ್ತೀವಾ?”

ಅಮರೇಶ ಹಾಸಿಗೆಯಿಂದ ಮತ್ತೆ ಏಳಲಿಲ್ಲ. ಮನೆಯಲ್ಲಿ ಒಲೆ ಹೊತ್ತದ ದಿನ ಗೋಡೆಯ ಮೇಲಿನಿಂದ ಒಂದು ಕೈ ಚಾಚಿತು. ರೊಟ್ಟಿ, ಅದರ ಮೇಲೆ ಬಟ್ಟಲಲ್ಲಿ ಬ್ಯಾಳಿ. ಅದಕ್ಕೂ ಒಗ್ಗರಣೆ ಇರಲಿಲ್ಲ.

ಕಲ್ಯಾಣಿ ಮುಂದೆ ಹಾಸ್ಟೆಲಿನಲ್ಲಿದ್ದು ಓದಿದರು, ರಾಯಚೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದರು, ನಿವೃತ್ತರಾದರು. ತಮ್ಮನ ಕಾಲಕ್ಕೆ ದಡಾರದ ಸೂಜಿ ಜಾಲಹಳ್ಳಿಯ ದಾರಿ ಕಂಡಿರಲಿಲ್ಲ. ಈಗ ಸೂಜಿ ಊರಿಗೆ ಬರುತ್ತದೆ, ಕೂಸು ಮಾತ್ರ ಅದರ ಕೈಗೆ ಸಿಗುವುದಿಲ್ಲ. ನರ್ಸ್ ಲಸಿಕೆಯ ಪೆಟ್ಟಿಗೆ ಹಿಡಿದು ಅಂಗನವಾಡಿಗೆ ಬರುವ ಹೊತ್ತಿಗೆ ತಾಯಂದಿರು ಟಂಟಂ ಆಟೋ ಏರಿ ಹತ್ತಿ ಬಿಡಿಸಲು ಹೋಗಿರುತ್ತಾರೆ. ಚೊಚ್ಚಲ ಕೂಸು ಹುಟ್ಟುವುದು ತವರಿನಲ್ಲಿ, ಬೆಳೆಯುವುದು ಗಂಡನ ಊರಿನಲ್ಲಿ. ಆ ಊರಿನವರು ಈ ಊರಲ್ಲಿ ಹಾಕಿಸಿರಬೇಕು ಎನ್ನುತ್ತಾರೆ, ಈ ಊರಿನವರು ಆ ಊರಲ್ಲಿ.

ಇದನ್ನೆಲ್ಲ ಆಳುವವರ ಕಿವಿಗೆ ಮುಟ್ಟಿಸಲೆಂದೇ ಕಲ್ಯಾಣಿ ಒಂದು ಬಳಗ ಕಟ್ಟಿದ್ದರು. ಒಂದಿಷ್ಟು ಗೃಹಿಣಿಯರು, ಆಶಾ ಕಾರ್ಯಕರ್ತೆಯರು, ಹಳೆಯ ವಿದ್ಯಾರ್ಥಿನಿಯರು. ಶಾಸಕರ, ಸಂಸದರ ಮನೆ ಬಾಗಿಲಿಗೆ ಹೋಗಿ ಕೂಡುವುದು, ಸದನದಲ್ಲಿ ಇಂಥ ಪ್ರಶ್ನೆ ಎತ್ತಿ ಎನ್ನುವುದು ಅವರ ಕೆಲಸ. “ನಾವು ಬೇಡಾಕ ಬಂದಿಲ್ಲ, ಕೇಳಾಕ ಬಂದೀವಿ” ಎಂದು ಹೇಳಬೇಕೆಂದು ಕಲ್ಯಾಣಿ ಎಲ್ಲರಿಗೂ ಪಾಠ ಹೇಳಿದ್ದರು. ಇಂಥ ಬಳಗಗಳು ಎಷ್ಟೋ ದೇಶಗಳಲ್ಲಿವೆ. ತಿಂಗಳಿಗೊಮ್ಮೆ ಪರದೆಯ ಮೇಲೆ ಎಲ್ಲರೂ ಸೇರುತ್ತಿದ್ದರು. ಒಮ್ಮೆ ಆಫ್ರಿಕಾದ ಮಲಾವಿ ದೇಶದ ಅಜ್ಜಿಯೊಬ್ಬಳು, ನಮ್ಮಲ್ಲಿ ನರ್ಸ್ ಬರುವುದರೊಳಗೆ ತಾಯಂದಿರು ಜೋಳದ ಹೊಲಕ್ಕೆ ಹೋಗಿರುತ್ತಾರೆ ಎಂದಳು. ಕಲ್ಯಾಣಿ ಅದನ್ನು ಕನ್ನಡದಲ್ಲಿ ಹೇಳಿದಾಗ ಪಕ್ಕದಲ್ಲಿದ್ದ ಜಾಲಹಳ್ಳಿಯ ಆಶಾ ಕಾರ್ಯಕರ್ತೆ ಸಂಘಮಿತ್ರಾ ಹಣೆ ಬಡಿದುಕೊಂಡಿದ್ದಳು: “ಅಲ್ಲೂ ನಮ್ಮ ಜಾಲಹಳ್ಳಿನೇ ಅದ ಬಿಡ್ರಿ ಮೇಡಂ!”

ಈ ವರ್ಷ ಒಂದು ಹೊಸ ಆತಂಕ ಸೇರಿಕೊಂಡಿತ್ತು. ಬಡ ದೇಶಗಳ ಮಕ್ಕಳ ಲಸಿಕೆಗೆ ದೊಡ್ಡ ದೇಶಗಳು ಕೊಡುತ್ತಿದ್ದ ನೆರವಿಗೆ ಕತ್ತರಿ ಬೀಳುವ ಮಾತು ನಡೆದಿತ್ತು. ಅದನ್ನು ತೀರ್ಮಾನಿಸುವ ಹೊರದೇಶದ ಸಭೆಗೆ ಹೋಗುವ ನಿಯೋಗದಲ್ಲಿ ರಾಜ್ಯಸಭೆಯ ಸದಸ್ಯ ರಾಮಲಿಂಗಪ್ಪನವರಿದ್ದರು. ಅವರು ಅಲ್ಲಿ ಬಾಯಿ ಬಿಟ್ಟು ಮಾತಾಡಬೇಕು, ಇಲ್ಲಿ ಸಂಜೆ ಹೊತ್ತಿನಲ್ಲೂ ಲಸಿಕೆ ಹಾಕಿಸಲು ಸರ್ಕಾರಕ್ಕೆ ಹೇಳಬೇಕು. ಆ ಎರಡು ಮಾತಿಗಾಗಿ ಕಲ್ಯಾಣಿ ಅವರ ಆಪ್ತ ಸಹಾಯಕ ಶೇಖರನಿಗೆ ಎಷ್ಟು ಸಲ ಫೋನು ಮಾಡಿದ್ದರೋ. ಕೊನೆಗೆ ಅವನೇ ಮಾಡಿದ.

“ಸೋಮವಾರ ಆಗಂಗಿಲ್ಲ ಮೇಡಂ. ಇಪ್ಪತ್ತನೇ ತಾರೀಖು ದೇವದುರ್ಗದಾಗ ಸಾಹೇಬ್ರು ಒಂದು ಮದುವಿಗೆ ಬರ್ತಾರ. ಪ್ರವಾಸಿ ಮಂದಿರದಾಗ ಅರ್ಧ ತಾಸು ಕೊಡ್ತಾರ. ಆದ್ರ ಮಂದಿ ಇರಬೇಕು ನೋಡ್ರಿ. ಮಕ್ಕಳನ್ನ ಎತ್ತಿಕೊಂಡ ತಾಯಂದಿರು ಇದ್ರ ಇನ್ನೂ ಛಲೋ. ಮಂದಿ ಇಲ್ಲಂದ್ರ ಸಾಹೇಬ್ರು ಕಾರಿಂದ ಇಳಿಯಂಗಿಲ್ಲ.”

ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ತಾರೀಖು ಎಲ್ಲರ ಬಾಯಲ್ಲೂ ಓಡಾಡಿತು. ವಾರ ಯಾವುದೆಂದು ಯಾರೂ ನೋಡಲಿಲ್ಲ.

ಇಪ್ಪತ್ತರ ಬೆಳಿಗ್ಗೆ ಕಲ್ಯಾಣಿ ರಾಯಚೂರಿನಿಂದ ಬಸ್ಸಿಗೆ ಬಂದು ದೇವದುರ್ಗದಲ್ಲಿ ಇಳಿದಾಗ ಜಾಲಹಳ್ಳಿಯ ಟೆಂಪೋ ಆಗಲೇ ಬಂದು ನಿಂತಿತ್ತು. ಪ್ರವಾಸಿ ಮಂದಿರದ ಹುಣಸೆ ಮರದ ಕೆಳಗೆ ಜಮಖಾನೆ. ಅದರ ತುಂಬ ತಾಯಂದಿರು, ಮಡಿಲಲ್ಲಿ ಕುಂಚಿಗೆ ಕಟ್ಟಿದ ಕೂಸುಗಳು. ನೋಡಿ ಕಲ್ಯಾಣಿಯ ಹೊಟ್ಟೆ ತಣ್ಣಗಾಯಿತು. ಅಂದಿನ ಕೂಲಿ ಬಿಟ್ಟು ಬಂದಿದ್ದರು, ಒಬ್ಬರೂ ಆ ಮಾತು ಎತ್ತಿರಲಿಲ್ಲ. ಬಿಸಿಲಿಗೆ ಕೂತಿದ್ದ ಬಾಣಂತಿಗೆ ಇನ್ನೊಬ್ಬಳು ಮಾತಿಲ್ಲದೆ ನೆರಳಿನ ಜಾಗ ಬಿಟ್ಟು ಸರಿದು ಕೂತದ್ದನ್ನು ಕಲ್ಯಾಣಿ ನೋಡಿದರು.

ಸ್ವಲ್ಪ ಹೊತ್ತಿಗೆ ಮಾನ್ವಿಯಿಂದ ಅಕ್ಬರಿ ಬೇಗಂ ಬಂದಳು. ಜೈನಾಬ್ ಖಾಲಾಳ ಮಗಳು, ಕಲ್ಯಾಣಿಯ ಓರಗೆಯವಳು. ಮಾನ್ವಿಗೆ ಮದುವೆಯಾಗಿ ಹೋಗಿ ಬಳೆ ಅಂಗಡಿ ನಡೆಸುತ್ತಿದ್ದಳು. ಬಳಗಕ್ಕೆ ಸೇರಿದ್ದು ಗೆಳತಿಯ ಸಲುವಾಗಿ, ಆಮೇಲೆ ಉಳಿದದ್ದು ತನ್ನ ಬಾಯಿಯ ಸಲುವಾಗಿ. ಯಾವ ಸಾಹೇಬನ ಮುಂದೂ ಅವಳಿಗೆ ಅಂಜಿಕೆ ಇರಲಿಲ್ಲ.

“ಏನ್ ಬೇ, ಸೊರಗೀಯಲ್ಲ?” ಎಂದರು ಕಲ್ಯಾಣಿ.

“ಸೊರಗದೇ ಏನು? ಮನ್ಯಾಗ ಸಪ್ಪನ ಊಟ ನಡದದ. ಪಕ್ಕದ ಮನಿ ತಿಮ್ಮವ್ವ ಇದ್ದಾಳಲ್ಲ, ಅಕಿ ಮೊಮ್ಮಗಳಿಗಿ ದಡಾರ. ಭಾಳ ಜೋರು ಇತ್ತು, ದವಾಖಾನಿಗೂ ತೋರಿಸ್ಯಾರ. ಸೂಜಿ ಹಾಕ್ಸಿದ್ದಿಲ್ಲ, ತವರಿಗಿ ಗಂಡನ ಮನಿಗಿ ತಿರಗ್ಯಾಡೋದ್ರಾಗ ಬಿಟ್ಟು ಹೋಗ್ಯಾದ. ನನ್ನ ಮಗ ದಿನಾ ತಾಟಿನ ಮುಂದ ಕುಂತು, ಅಮ್ಮೀ, ಇದೇನು ದವಾಖಾನಿ ಊಟ ಅಂತಾನ.”

“ನೀನೂ ಒಗ್ಗರಣಿ ನಿಲ್ಲಿಸೀಯಾ?”

“ಅಮ್ಮ ನಿಲ್ಲಿಸ್ತಿದ್ದಳಲ್ಲ,” ಎಂದಳು ಅಕ್ಬರಿ, ಅದೇ ಉತ್ತರ ಸಾಕು ಎಂಬಂತೆ.

ಕಲ್ಯಾಣಿ ಅವಳ ಕೈ ಒತ್ತಿದರು. ಎದ್ದು ತಾಯಂದಿರ ನಡುವೆ ಓಡಾಡಿದರು. ಹುಲಿಗೆಮ್ಮ ಎಂಬ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ, ಗುಂಡುಗುಂಡಾದ ಕೂಸನ್ನು ಕಾಲ ಮೇಲೆ ಮಲಗಿಸಿ ಆಡಿಸುತ್ತಿದ್ದಳು. ಕವಿತಾಳದ ಹುಡುಗಿ, ಜಾಲಹಳ್ಳಿಯ ಸೊಸೆ. ಕೂಸಿಗೆ ಒಂಬತ್ತು ತಿಂಗಳು ತುಂಬಿತ್ತು.

“ದಡಾರದ ಸೂಜಿ ಹಾಕ್ಸೀಯೇನವ್ವಾ?”

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು. “ಇವತ್ತೇ ಇತ್ತರೀ ಯವ್ವಾ. ಸಾಹೇಬ್ರು ಬರ್ತಾರ, ಇಲ್ಲಿಗಿ ಬರ್ರಿ ಅಂದ್ರಲ್ಲ, ಅದಕ್ಕ ಬಂದ್ವಿ.”

“ಇವತ್ತಾ?”

“ಹೌಂದ್ರೀ. ಗುರುವಾರಲ್ಲೇನ್ರಿ ಇವತ್ತು.”

ಕಲ್ಯಾಣಿ ನಿಂತಲ್ಲೇ ನಿಂತರು. ಸೂಜಿಯ ದಿನ ಗುರುವಾರ ಎಂಬುದನ್ನು ಊರೂರಿಗೆ ಹೋಗಿ ಹೇಳಿದವರು ಅವರೇ. ಜಾಲಹಳ್ಳಿಯ ಆ ಓಣಿಗೆ ನರ್ಸ್ ಬರುವುದು ತಿಂಗಳಿಗೊಂದೇ ಗುರುವಾರ. ಸಂಘಮಿತ್ರಾಳನ್ನು ಕರೆದು ಕೇಳಿದರು.

“ನೀವು ನರ್ಸಮ್ಮಗ ಹೇಳಿ ಬ್ಯಾರೆ ದಿನ ಮಾಡ್ಸೀರಿ ಅಂದ್ಕೊಂಡೆ ಮೇಡಂ. ಅಷ್ಟು ದೊಡ್ಡವರು ತಾರೀಖು ಇಟ್ಟಾರಂದ್ರ ನೋಡೇ ಇಟ್ಟಿರ್ತಾರ ಅಂತ…”

“ನಾ ನೀ ನೋಡಿರ್ತೀ ಅಂತ ಬಿಟ್ಟೆ ತಂಗೀ.”

ಅಕ್ಬರಿ ಇಬ್ಬರ ಮುಖವನ್ನೂ ನೋಡಿ ತಡೆಯಲಾರದೆ ನಕ್ಕುಬಿಟ್ಟಳು. “ಸೂಜಿ ಹಾಕ್ಸ್ರಿ ಸೂಜಿ ಹಾಕ್ಸ್ರಿ ಅಂತ ಡಂಗುರ ಹೊಡದು, ಸೂಜಿ ದಿನಾನೇ ಊರು ಖಾಲಿ ಮಾಡಿಸೀರಲ್ಲೇ!” ಆಮೇಲೆ ನಗು ನಿಂತಿತು. ಅವಳಿಗೂ ತಿಮ್ಮವ್ವನ ಮೊಮ್ಮಗಳ ನೆನಪಾಗಿರಬೇಕು.

ಸಂಘಮಿತ್ರಾ ನರ್ಸಿಗೆ ಫೋನು ಹಚ್ಚಿದಳು. ಅಂಗನವಾಡಿಯಲ್ಲಿ ಒಬ್ಬಳೇ ಕೂತಿದ್ದೇನೆ, ಬರುವ ಒಂದಿಬ್ಬರನ್ನು ಬಿಟ್ಟು ಪೆಟ್ಟಿಗೆ ಹೊತ್ತು ದೇವದುರ್ಗಕ್ಕೆ ಬರಲು ಆಗುವುದಿಲ್ಲ, ಮೂರಕ್ಕೆ ಗಾಡಿ ಬಂದು ಪೆಟ್ಟಿಗೆ ಒಯ್ಯುತ್ತದೆ ಎಂದಿತು ಆಚೆಯ ದನಿ.

“ಮುಂದಿನ ತಿಂಗಳು ಎಲ್ಲಾರಿಗೂ ನಾನೇ ಮನಿಮನಿಗಿ ಹೋಗಿ ಕರ್ಕೊಂಡು ಬರ್ತೀನಿ,” ಎಂದಳು ಸಂಘಮಿತ್ರಾ. “ಮಾತು ಕೊಡ್ತೀನಿ ಮೇಡಂ. ಇಷ್ಟು ದಿನ ಕಾದೀವಿ, ಈಗ ಮಂದಿನ ಕಳಿಸಿದ್ರ ಮತ್ತ ಸಾಹೇಬ್ರು ಸಿಗಂಗಿಲ್ಲ.”

“ನೀ ಮುಂದಿನ ತಿಂಗಳು ಇರ್ತಿಯೇನವ್ವಾ ಊರಾಗ?” ಕಲ್ಯಾಣಿ ಹುಲಿಗೆಮ್ಮನನ್ನು ಕೇಳಿದರು.

“ಇಲ್ರಿ. ನಾಳಿ ಸಂಜಿಗಿ ಬೆಂಗಳೂರು ಬಸ್ ಹತ್ತತೀವಿ. ಬಿಲ್ಡಿಂಗ್ ಕೆಲಸ. ಯುಗಾದಿಗಿ ಬರ್ತೀವಿ.”

ಇನ್ನೂ ಮೂರು ನಾಲ್ಕು ಮಂದಿ ಅದೇ ಬಸ್ಸಿನವರು. ಬೆಂಗಳೂರಿನಲ್ಲೂ ಸೂಜಿ ಸಿಗುತ್ತದೆ. ಆದರೆ ಗುರುತಿಲ್ಲದ ಊರಲ್ಲಿ, ತಗಡಿನ ಶೆಡ್ಡಿನ ಹುಡುಗಿಯನ್ನು ಹುಡುಕಿಕೊಂಡು ಹೋಗುವವರು ಯಾರು, ಅವಳಾದರೂ ಯಾರನ್ನು ಕೇಳಿಯಾಳು?

ಕಲ್ಯಾಣಿ ಮರದ ಕಟ್ಟೆಗೆ ಕೂತರು. ಅಕ್ಬರಿ ಪಕ್ಕಕ್ಕೆ ಬಂದು ಕೂತಳು. ದನಿ ಇಳಿಸಿ ಕೇಳಿದಳು: “ಕಳಿಸಬೇಕಂತೀ?”

“ಹೂಂ.”

“ನೋಡು, ನಾ ಹೇಳೋದು ಕೇಳು. ಇಲ್ಲಿ ಕೂಸುಗಳು ಇಷ್ಟು. ಆ ಮನುಷ್ಯಾ ಅಲ್ಲಿ ಹೋಗಿ ಒಂದು ಮಾತಾಡಿದ್ರ, ಆ ಮಲಾವಿ ಅಜ್ಜಿ ಊರಾಗ ಎಷ್ಟು ಕೂಸುಗಳಿಗಿ ಸೂಜಿ ಸಿಗ್ತದ? ಲೆಕ್ಕ ಯಾವುದು ದೊಡ್ಡದು? ಪಾಠ ಹೇಳಿದಾಕಿ ನೀನು.”

ಇದು ಸುಳ್ಳಲ್ಲ, ಅದೇ ಕಷ್ಟ. ತರಗತಿಯಲ್ಲಾಗಿದ್ದರೆ ಕಲ್ಯಾಣಿ ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಹುಡುಗಿಯರಿಗೆ ಚರ್ಚೆಗೆ ಬಿಡುತ್ತಿದ್ದರು. ದೂರದ ಸಾವಿರ ಕೂಸುಗಳಿಗೆ ಮುಖವಿಲ್ಲ ಎಂಬುದು ಆ ಕೂಸುಗಳ ತಪ್ಪಲ್ಲ. ಹಾಗಂತ, ಮುಖ ಇರುವ ಈ ಕೂಸನ್ನು ತೋರಿಸಿ ಆ ಕೂಸುಗಳಿಗೆ ನ್ಯಾಯ ಕೇಳುವುದು ಹೇಗೆ? ಇದನ್ನು ಸೂಜಿ ತಪ್ಪಿಸಿ ಕರೆತಂದಿದ್ದೇವೆ ನೋಡಿ, ಎಲ್ಲ ಕೂಸಿಗೂ ಸೂಜಿ ಕೊಡಿಸಿ ಎಂದೇ?

ಹುಲಿಗೆಮ್ಮನ ಕೂಸು ಜಮಖಾನೆಯ ಮೇಲೆ ಅಂಬೆಗಾಲಿಟ್ಟು ಬಂದು ಕಲ್ಯಾಣಿಯ ಸೀರೆಯ ಅಂಚು ಹಿಡಿದು ಏಳಲು ನೋಡಿತು. ಅಮರೇಶನಿಗೂ ಆಗ ಹೀಗೇ, ಏನಾದರೂ ಹಿಡಿದು ಏಳುವ ವಯಸ್ಸು.

“ಅಕ್ಬರೀ, ನಿಮ್ಮಮ್ಮ ಒಗ್ಗರಣಿ ನಿಲ್ಲಿಸಿದ್ರ ಊರಾಗಿನ ದಡಾರ ಏನು ನಿಂತಿತ್ತೇನು?” ಎಂದರು ಕಲ್ಯಾಣಿ. “ಆದ್ರೂ ನಿಲ್ಲಿಸಿದಳಲ್ಲ.”

ಅಕ್ಬರಿ ಮಂಡಿ ಹಿಡಿದುಕೊಂಡು ಎದ್ದು, ಬಳೆ ಅಂಗಡಿಯ ದನಿಯಲ್ಲಿ ಕೂಗಿದಳು: “ಏಳ್ರಿ ಏಳ್ರಿ, ಎಲ್ಲಾರೂ ಟೆಂಪೋ ಹತ್ರಿ! ಸಾಹೇಬ್ರನ್ನ ನಾವು ಮುದುಕೇರು ನೋಡ್ಕೋತೀವಿ. ಹುಲಿಗೆಮ್ಮಾ, ಬುತ್ತಿ ಮರೀಬ್ಯಾಡ. ಸಂಘಮಿತ್ರಾ, ಒಂದೂ ಕೂಸು ತಪ್ಪಿಸಿಕೊಂಡ್ರ ನಿನ್ನ ಬಳಿ ಒಡೀತೀನಿ ನೋಡು!”

ಟೆಂಪೋ ಧೂಳೆಬ್ಬಿಸಿ ಹೋಯಿತು. ಹುಣಸೆಯ ಕೆಳಗೆ ಖಾಲಿ ಜಮಖಾನೆ ಉಳಿಯಿತು. ಒಂದು ಮೂಲೆಯಲ್ಲಿ ಯಾವುದೋ ಕೂಸಿನ ಒಂಟಿ ಕಾಲುಚೀಲ. ಅಕ್ಬರಿ ಅದನ್ನು ಕೊಡವಿ ಚೀಲದಲ್ಲಿ ಇಟ್ಟುಕೊಂಡಳು.

ಸಾಹೇಬರು ಬಂದದ್ದು ಮದುವೆಯ ಊಟ ಮುಗಿದ ಮೇಲೆ. ಮುಂದಿನ ಕಾರಿನಿಂದ ಇಳಿದ ಶೇಖರ ಜಮಖಾನೆ ನೋಡಿದ, ಮರ ನೋಡಿದ, ಇಬ್ಬರು ಮುದುಕಿಯರನ್ನು ನೋಡಿದ.

“ಏನ್ ಮೇಡಂ ಇದು? ಮಂದಿ ಎಲ್ಲಿ? ಕ್ಯಾಮೆರಾದಾತನ್ನ ಬ್ಯಾರೆ ಕರ್ಸೀನಿ ನಾನು.”

“ಸೂಜಿ ಹಾಕ್ಸಾಕ ಹೋಗ್ಯಾರ,” ಎಂದಳು ಅಕ್ಬರಿ. “ನಿಮ್ಮ ಕ್ಯಾಮೆರಾದಾತಗ ಬೇಕಾದ್ರ ನನ್ನ ಫೋಟೋ ತಗೋ ಅನ್ನು. ಮದುವಿಯಾದಾಗಿಂದ ಯಾರೂ ತಗದಿಲ್ಲ.”

ಹಿಂದಿನ ಕಾರಿನ ಗಾಜು ಇಳಿಯಿತು. ರಾಮಲಿಂಗಪ್ಪನವರು ಇಳಿಯಲೋ ಬೇಡವೋ ಎಂಬಂತೆ ಕೂತಿದ್ದರು. ಕಲ್ಯಾಣಿ ಕಾರಿನ ಬಳಿಗೆ ನಡೆದರು. ತಿಂಗಳಿಂದ ಬಾಯಿಪಾಠ ಮಾಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ತಾರೀಖು ನೋಡಿದೆವು, ವಾರ ನೋಡಲಿಲ್ಲ, ತಾಯಂದಿರನ್ನು ವಾಪಸ್ ಕಳಿಸಿದೆವು ಎಂದರು.

“ಕಳಿಸಿದ್ರ ನಾ ಇಳಿಯಂಗಿಲ್ಲ ಅಂತ ಗೊತ್ತಿತ್ತಲ್ಲ ನಿಮಗ?” ರಾಮಲಿಂಗಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಗೊತ್ತಿತ್ರಿ.”

ಅವರು ಖಾಲಿ ಜಮಖಾನೆಯನ್ನು ನೋಡಿದರು. ಆಮೇಲೆ ಬಾಗಿಲು ತೆರೆದು ಇಳಿದರು, ಆದರೆ ಮರದವರೆಗೆ ಬರಲಿಲ್ಲ. ಕಾರಿಗೆ ಒರಗಿಯೇ ನಿಂತು, “ಏನು ಹೇಳಬೇಕು ಅಲ್ಲಿ, ಹೇಳ್ರಿ” ಎಂದರು.

“ನಾವು ಒಂದು ದಿನ ವಾರ ನೋಡೋದು ಮರೆತ್ವಿ, ಇಷ್ಟು ಕೂಸುಗಳಿಗಿ ಸೂಜಿ ತಪ್ಪತಿತ್ತು. ದೊಡ್ಡ ದೇಶದವರು ಒಂದು ವರ್ಷ ಕೈ ಹಿಂದ ತಗೊಂಡ್ರ ಎಷ್ಟು ತಪ್ಪತಾವೋ ಅದನ್ನ ಕೇಳ್ರಿ. ನಮ್ಮ ಟೆಂಪೋ ಹೊಳ್ಳಿ ಹೋತು. ಅವರ ಸಲುವಾಗಿ ಯಾವ ಟೆಂಪೋ ಹೊಳ್ಳಿ ಹೋಗ್ತದರೀ?” ಕಲ್ಯಾಣಿ ಕೈಯಲ್ಲಿದ್ದ ಮನವಿಯ ಕಾಗದವನ್ನು ಮಡಚಿದರು. “ಮತ್ತ ಇಲ್ಲಿ ಸಂಜಿ ಹೊತ್ತು ಒಂದು ಸರ್ತಿ ಸೂಜಿ ಹಾಕಾಕ ಹಚ್ಚಿಸ್ರಿ. ಹೊಲದಿಂದ ಬಂದ ಮ್ಯಾಲ.”

ರಾಮಲಿಂಗಪ್ಪನವರು ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಫೋನು ಬಂತು, ಕಾರು ಹತ್ತಿದರು. ಕಾರು ಗೇಟಿನ ಬಳಿ ಒಮ್ಮೆ ನಿಂತಿತು. ಶೇಖರ ಇಳಿದು ಓಡಿ ಬಂದು, “ಮನವಿ ಕೊಡ್ರಿ, ಸಾಹೇಬ್ರು ಕೇಳಾಕತ್ತಾರ” ಎಂದು ಕಾಗದ ಇಸಿದುಕೊಂಡು ಹೋದ. ಅದು ಕಾರಿನಲ್ಲಿ ಓದಲಿಕ್ಕೋ, ಮನೆಗೆ ಹೋಗಿ ಮರೆಯಲಿಕ್ಕೋ, ಯಾರು ಬಲ್ಲರು?

ಮಾನ್ವಿಯ ಬಸ್ಸಿನಲ್ಲಿ ಕಲ್ಯಾಣಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ರಾತ್ರಿ ತನ್ನ ಮನೆಯಲ್ಲೇ ಉಳಿಯಬೇಕೆಂದು ಅಕ್ಬರಿ ಹಟ ಹಿಡಿದಿದ್ದಳು. ಸಿರವಾರ ದಾಟುವ ಹೊತ್ತಿಗೆ ಸಂಘಮಿತ್ರಾಳ ಫೋಟೋ ಬಂತು. ಹುಲಿಗೆಮ್ಮನ ಕೂಸು ಬಾಯಿ ತುಂಬ ತೆರೆದು ಅಳುತ್ತಿತ್ತು, ಹುಲಿಗೆಮ್ಮ ನಗುತ್ತಿದ್ದಳು. ಅಕ್ಬರಿ ಫೋನು ಕಣ್ಣಿಗೆ ಹತ್ತಿರ ಹಿಡಿದು, “ಅಯ್ಯ, ಕಾಲುಚೀಲ ಇದರದ್ದೇ ನೋಡು. ಒಂದೇ ಕಾಲಿಗದ” ಎಂದಳು.

ಮಾನ್ವಿಯ ಮನೆಯಲ್ಲಿ ಸೊಸೆ ಗುಲ್ಫಶಾ ಆಗಲೇ ರೊಟ್ಟಿ ಬಡಿಯುತ್ತಿದ್ದಳು. ಕಲ್ಯಾಣಿ ಮುಖ ತೊಳೆದು ಹಿತ್ತಿಲ ಕಟ್ಟೆಗೆ ಕೂತರು. ಇಲ್ಲೂ ಎದೆಯೆತ್ತರದ ಗೋಡೆ, ಮಣ್ಣಿನದಲ್ಲ, ಸಿಮೆಂಟಿನದು. ಅದರಾಚೆ ತಿಮ್ಮವ್ವನ ಮನೆ.

“ಸಪ್ಪನ ಬ್ಯಾಳಿ ಅದ, ಬೈಕೋಬ್ಯಾಡ,” ಎಂದಳು ಅಕ್ಬರಿ, ತಾಟು ಒರೆಸುತ್ತ. “ಆ ಮನುಷ್ಯಾ ಮಾತಾಡ್ತಾನಂತೀ ಅಲ್ಲಿ?”

“ಗೊತ್ತಿಲ್ಲ. ಇನ್ನೊಂದು ಸರ್ತಿ ಫೋನ್ ಮಾಡೋಣು. ಶೇಖರ ಎತ್ತಲಿಲ್ಲಂದ್ರ ಮತ್ತೊಂದು ಸರ್ತಿ.”

“ಮುಂದಿನ ಸರ್ತಿ ವಾರ ನೋಡಿ ಮಾಡು ಬೇ…”

ಅಕ್ಬರಿಯ ಮಾತು ಅರ್ಧಕ್ಕೇ ನಿಂತಿತು. ಗೋಡೆಯಾಚೆ ಚಟಪಟ ಎಂದು ಸಾಸಿವೆ ಸಿಡಿದ ಸದ್ದು. ಹಿಂದೆಯೇ ಬಳ್ಳೊಳ್ಳಿ, ಒಣಮೆಣಸಿನಕಾಯಿ, ಕರಿಬೇವು. ಘಮ ಗೋಡೆ ಹತ್ತಿತು, ಇಳಿಯಿತು, ಇಡೀ ಹಿತ್ತಿಲಿಗೆ ಹರಡಿತು. ಒಳಗೆ ರೊಟ್ಟಿಯ ಬಡಿತವೂ ನಿಂತಿತು.

“ಕೂಸಿಗಿ ನೀರು ಹಾಕ್ಯಾರ,” ಎಂದಳು ಅಕ್ಬರಿ, ಪಿಸುದನಿಯಲ್ಲಿ. ಸೆರಗಿನಿಂದ ಮೂಗು ಒರೆಸಿಕೊಂಡು, ಖಾರದ ಘಾಟು ಎಂದಳು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಬೇವಿನ ಎಲೆಯೊಂದು ಅಂಟಿಕೊಂಡಿದ್ದ ತಿಮ್ಮವ್ವನ ಮುದಿ ಕೈ ಕಾಣಿಸಿತು. ತಾಟಿನಲ್ಲಿ ಬಿಸಿ ರೊಟ್ಟಿ, ಬಟ್ಟಲಲ್ಲಿ ಬ್ಯಾಳಿ, ಮೇಲೆ ಎಣ್ಣೆಯಲ್ಲಿ ಕೆಂಪಾದ ಬಳ್ಳೊಳ್ಳಿ ಎಸಳು. ಕಲ್ಯಾಣಿ ಎದ್ದು ಹೋಗಿ ಎರಡೂ ಕೈಯಿಂದ ತಾಟು ಇಸಿದುಕೊಂಡರು.